ನಿಮಗಿದು ಗೊತ್ತೇ? ಮಂಗಳೂರು ಸೌತೆ ಸೌತೆಯೇ ಅಲ್ಲ!

ವಾಮಂಜೂರು ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುವಾಗ ಮೊಬೈಲು ಜೇಬಿಗಿಳಿಸಿ, ಪಕ್ಕದ ತರಕಾರಿ ಅಂಗಡಿಯತ್ತ ಒಮ್ಮೆ ಕಣ್ಣು ಹಾಯಿಸಿ. ಹಳದಿ ಪಟ್ಟೆಯ ಸೌತೆ, ಕಟ್ಟು ಕಟ್ಟಿಟ್ಟ ಬಸಳೆ, ಬುಟ್ಟಿ ತುಂಬ ತೊಂಡೆ, ಮೇಲೆ ನೇತಾಡುವ ನೇಂದ್ರ ಗೊನೆ. ದಿನಾ ನೋಡುವುದೇ ತಾನೇ ಎಂದು ಮುಖ ತಿರುಗಿಸಬೇಡಿ. ಈ ಬುಟ್ಟಿಗಳ ಹಿಂದೆ ಹಡಗಿನ ದಂಗೆ ಉಂಟು, ಸುಪ್ರೀಂ ಕೋರ್ಟಿನ ತೀರ್ಪು ಉಂಟು, ಬಾಹ್ಯಾಕಾಶ ಯಾನವೂ ಉಂಟು!

ಮೊದಲು ನಮ್ಮೂರ ಹೆಸರನ್ನೇ ಹೊತ್ತ ಮಂಗಳೂರು ಸೌತೆ. ಇದು ಸೌತೆಯೇ ಅಲ್ಲ! ಸಸ್ಯಶಾಸ್ತ್ರದ ಪ್ರಕಾರ ಇದು ಕುಕ್ಯುಮಿಸ್ ಮೆಲೊ. ಅಂದರೆ ಜ್ಯೂಸ್ ಅಂಗಡಿಯ ಕರ್ಬೂಜದ ಜಾತಿಯೇ. ಉಪ್ಪು ಮೆಣಸು ಹಚ್ಚಿ ತಿನ್ನುವ ಮುಳ್ಳುಸೌತೆ ಬೇರೆ ಜಾತಿ. ರಸಾಯನಕ್ಕೆ ಹಾಕುವ ಇಬ್ಬುಡ್ಲ ಹಣ್ಣೂ ಈ ಕರ್ಬೂಜದ ಬಳಗವೇ. ಇಷ್ಟು ವರ್ಷ ನೀವು ಸಾಂಬಾರಿನಲ್ಲಿ ಉಂಡದ್ದು ಕರ್ಬೂಜದ ಅಕ್ಕನನ್ನು!

ಈ ಸೌತೆಗೆ ಫ್ರಿಜ್ ಬೇಡ. ಹಳೆಯ ಹಂಚಿನ ಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ಮಾಡಿನ ಪಕ್ಕಾಸಿಗೆ ತೂಗುಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ನೆಲ ಮುಟ್ಟಬಾರದು, ಅಷ್ಟೆ. ಬೇಸಿಗೆಯಲ್ಲಿ ಕೊಯ್ದ ಕಾಯಿ ಮಳೆಗಾಲದಲ್ಲಿ ಕೊದ್ದೆಲ್ ಆಗುತ್ತಿತ್ತು. ತಿಂಗಳುಗಟ್ಟಲೆ ತಲೆಯ ಮೇಲೆ ತೂಗುತ್ತಿತ್ತು ತರಕಾರಿ ಅಂಗಡಿ!

ಸಿಪ್ಪೆಯನ್ನೂ ಬಿಡುತ್ತಿರಲಿಲ್ಲ. ಸಿಪ್ಪೆ ಚಟ್ನಿಗೆ, ಬೀಜದ ತಿರುಳು ಸಾರಿಗೆ. ಈಗ ಅದೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕೂತು ಪಕ್ಕದ ಪಚ್ಚನಾಡಿಯ ಕಸದ ಗುಡ್ಡೆಗೆ ಸವಾರಿ ಹೋಗುತ್ತದೆ.

ಬಸಳೆಗೆ ಇಂಗ್ಲಿಷಿನವರು ‘ಮಲಬಾರ್ ಸ್ಪಿನಾಚ್’ ಎಂದು ಹೆಸರಿಟ್ಟರು. ಪಾಲಕಿಗೂ ಬಸಳೆಗೂ ಹತ್ತಿರದ ನೆಂಟಸ್ತನವೇ ಇಲ್ಲ! ಪಾಲಕಿನ ಸಂಬಂಧಿ ಬೇಕಿದ್ದರೆ ಅದೇ ಅಂಗಡಿಯಲ್ಲಿ ಕೆಂಪಗೆ ಕೂತಿರುವ ಹರಿವೆಯನ್ನು ಕೇಳಿ. ಅವೆರಡೂ ಒಂದೇ ಕುಟುಂಬ. ಬಸಳೆಯದು ಬೇರೆಯೇ ಮನೆತನ. ಚಪ್ಪರ ಹಾಕಿಕೊಟ್ಟರೆ ಸಾಕು, ವರ್ಷವಿಡೀ ಕೊಯ್ಯುತ್ತಾ ಇರಬಹುದು. ಕೊಯ್ದಷ್ಟೂ ಚಿಗುರುತ್ತದೆ!

ತೊಂಡೆಕಾಯಿ, ತುಳುವಿನ ಮನೋಳಿ. ಗೋಡಂಬಿ ಹಾಕಿ ಉಪ್ಪುಕರಿ ಮಾಡಿದರೆ ಮದುವೆ ಊಟದ ಮರ್ಯಾದೆ. ಇದೇ ತೊಂಡೆ ಹವಾಯಿ ದ್ವೀಪದಲ್ಲಿ ಸರಕಾರವೇ ಪಟ್ಟಿ ಮಾಡಿದ ಪೀಡೆ ಕಳೆ! ಅಲ್ಲಿ ಮರಗಳನ್ನೇ ಮುಚ್ಚಿ ಹಬ್ಬಿ ಕಾಟ ಕೊಡುತ್ತದೆ. ಅದನ್ನು ಕಿತ್ತು ನಾಶಮಾಡಲು ಜನ ಬೆವರು ಸುರಿಸುತ್ತಾರೆ. ನಾಲ್ಕು ಮಂಗಳೂರು ಅಡುಗೆಭಟ್ಟರನ್ನು ಕಳಿಸಿದರೆ ಮುಗಿಯಿತಲ್ಲ!

ದಿನಕ್ಕೆ ಎಷ್ಟು ತಿನ್ನಬೇಕು ಗೊತ್ತೇ? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ತರಕಾರಿ, ಹಣ್ಣು ಸೇರಿ ಕನಿಷ್ಠ 400 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಮಾದರಿ ತಟ್ಟೆಯಲ್ಲಿ ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ಒಟ್ಟು ಅರ್ಧ ಕಿಲೋ. ಒಬ್ಬರಿಗೆ, ಒಂದೇ ದಿನಕ್ಕೆ!

ಆಲೂಗಡ್ಡೆ ಪಲ್ಯ ತಿಂದೆ, ಲೆಕ್ಕ ಆಯಿತು ಅನ್ನುತ್ತೀರಾ? ಆಗಲಿಲ್ಲ! ಆಲೂಗಡ್ಡೆ, ಗೆಣಸು, ಮರಗೆಣಸು ಈ 400 ಗ್ರಾಂ ಲೆಕ್ಕಕ್ಕೆ ಬರುವುದಿಲ್ಲ. ಅವು ಹಿಟ್ಟಿನ ಪಂಗಡ, ಅನ್ನದ ಸಾಲಿನಲ್ಲಿ ಕೂರಬೇಕಾದವು. ಮಸಾಲೆದೋಸೆ ಪ್ರಿಯರು ಕ್ಷಮಿಸಬೇಕು.

ಡೆನ್ಮಾರ್ಕಿನವರಿಗೆ 400 ಸಾಲಲಿಲ್ಲ. ಅಲ್ಲಿಯ ಸಲಹೆ ದಿನಕ್ಕೆ 600 ಗ್ರಾಂ! ‘ದಿನಕ್ಕೆ ಐದು ಸಲ’ ಎಂಬ ಪ್ರಚಾರ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1988ರಲ್ಲಿ. 2021ನ್ನಂತೂ ವಿಶ್ವಸಂಸ್ಥೆ ಹಣ್ಣು ತರಕಾರಿಗಳ ಅಂತಾರಾಷ್ಟ್ರೀಯ ವರ್ಷ ಎಂದೇ ಸಾರಿತ್ತು. ಕೊರೊನಾ ಗದ್ದಲದಲ್ಲಿ ನಮಗೆ ನಿಮಗೆ ಅದು ಕೇಳಿಸಲೇ ಇಲ್ಲ!

ತರಕಾರಿಯ ಹೆಸರಿನಲ್ಲಿ ಒಂದು ಸರಕಾರ ಸುಳ್ಳನ್ನೇ ಹೇಳಿತ್ತು! ಎರಡನೇ ಮಹಾಯುದ್ಧ. ರಾತ್ರಿಯ ಕತ್ತಲಲ್ಲೂ ಬ್ರಿಟಿಷ್ ಪೈಲಟ್‌ಗಳು ಜರ್ಮನ್ ವಿಮಾನಗಳನ್ನು ಹೊಡೆದು ಉರುಳಿಸುತ್ತಿದ್ದರು. ಗುಟ್ಟು ವಿಮಾನದೊಳಗಿನ ರಾಡಾರ್. ಹೊರಗೆ ಹಬ್ಬಿದ ಸುದ್ದಿ ಮಾತ್ರ ‘ನಮ್ಮವರು ಕ್ಯಾರೆಟ್ ತಿನ್ನುತ್ತಾರೆ, ಅದಕ್ಕೇ ಕಣ್ಣು ಚುರುಕು’ ಎಂದು. ಜಾನ್ ಕನಿಂಗ್‌ಹ್ಯಾಮ್ ಎಂಬ ಪೈಲಟ್ ‘ಬೆಕ್ಕಿನ ಕಣ್ಣಿನವ’ ಎಂದೇ ಹೆಸರಾದ. ಜರ್ಮನರು ನಂಬಿದರೋ ಇಲ್ಲವೋ, ಬ್ರಿಟನ್ನಿನ ಜನ ಕ್ಯಾರೆಟ್ ತಿಂದೇ ತಿಂದರು!

ಆಗ ಅಲ್ಲಿ ಐಸ್‌ಕ್ರೀಮೂ ಸಿಗುತ್ತಿರಲಿಲ್ಲ. ಮಕ್ಕಳಿಗೆ ಕಡ್ಡಿಗೆ ಚುಚ್ಚಿದ ಕ್ಯಾರೆಟ್ ಕೊಟ್ಟು ಚೀಪಿಸಿದರು! ಐಸ್‌ಕ್ರೀಮ್ ಊರಾದ ಮಂಗಳೂರಿನಲ್ಲಿ ಇದನ್ನು ಪ್ರಯೋಗಿಸಲು ಹೋಗಬೇಡಿ. ಗಡ್‌ಬಡ್ ಗ್ಲಾಸಿನ ತಳದಲ್ಲಿರುವ ಹಣ್ಣಿನ ಚೂರು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಅದರ ಮೇಲಿರುವುದೂ ಲೆಕ್ಕಕ್ಕೆ ಬರುತ್ತದೆ ಮಾರಾಯ್ರೆ!

ಪಾಪಾಯ್ ಗೊತ್ತಲ್ಲ, ಪಾಲಕ್ ಡಬ್ಬಿ ನುಂಗಿ ತೋಳು ಉಬ್ಬಿಸುವ ಕಾರ್ಟೂನಿನ ನಾವಿಕ? ಅಮೆರಿಕದ ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಪಾಲಕ್ ಬೆಳೆಯುವವರು 1937ರಲ್ಲೇ ಅವನ ಪ್ರತಿಮೆ ನಿಲ್ಲಿಸಿದ್ದಾರೆ! ಬಸಳೆಗೆ ಅಂಥ ಒಬ್ಬ ಗಟ್ಟಿಗ ಇನ್ನೂ ಹುಟ್ಟಿಲ್ಲ.

ಈಗ ನಮ್ಮ ಕಡಲಿಗೆ ಬನ್ನಿ. 1498ರ ಅಕ್ಟೋಬರ್. ವಾಸ್ಕೊ ಡ ಗಾಮನ ಹಡಗುಗಳು ಕಾರವಾರದ ಹತ್ತಿರದ ಅಂಜದೀವ್ ದ್ವೀಪದಿಂದ ವಾಪಸು ಹೊರಟವು. ಗಾಳಿ ಎದುರಾಯಿತು. ಆಫ್ರಿಕಾ ತೀರ ಮುಟ್ಟಲು ಸುಮಾರು ಮೂರು ತಿಂಗಳು! ನಾವಿಕರ ವಸಡು ಬಾತು, ಕಾಲು ಊದಿ, ಒಬ್ಬೊಬ್ಬರೇ ಸತ್ತರು. ಸುಮಾರು ಮೂವತ್ತು ಮಂದಿ. ಅವರನ್ನು ಕೊಂದದ್ದು ಯುದ್ಧವಲ್ಲ, ಚಂಡಮಾರುತವೂ ಅಲ್ಲ. ತಾಜಾ ಹಣ್ಣು ತರಕಾರಿ ಇಲ್ಲದ್ದು!

ಮಲಿಂದಿಗೆ ತಲುಪಿದೊಡನೆ ರೋಗಿಗಳು ಆಸೆಪಟ್ಟು ಕೇಳಿದ್ದು ಏನು ಗೊತ್ತೇ? ಕಿತ್ತಳೆ! ಮದ್ದು ಅವರ ನಾಲಗೆಗೆ ಗೊತ್ತಿತ್ತು. ವೈದ್ಯರಿಗೆ ಗೊತ್ತಾಗಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಮದ್ದು ಕೊಟ್ಟ. ಒಂದು ಜೋಡಿಗೆ ವಿನೆಗರ್, ಇನ್ನೊಂದು ಜೋಡಿಗೆ ಸಮುದ್ರದ ನೀರು! ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಆರೇ ದಿನಕ್ಕೆ ಎದ್ದು ಕೂತರು. ಬ್ರಿಟಿಷ್ ನೌಕಾಪಡೆ ನಿಂಬೆರಸ ಕಡ್ಡಾಯ ಮಾಡಿದ್ದು 1795ಕ್ಕೆ. ಸರಕಾರಿ ಕಡತ ಅಲ್ಲಿಯೂ ಹಾಗೇ!

ನಿಮ್ಮ ಮನೆಯ ನಾಯಿಗೆ ನಾವಿಕರನ್ನು ಕೊಂದ ಈ ರೋಗ ಬರುವುದಿಲ್ಲ. ಆಡಿಗೂ ಇಲ್ಲ. ಅವು ‘ಸಿ’ ಜೀವಸತ್ವವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ! ಆ ವಿದ್ಯೆ ಮರೆತ ಬಡಪಾಯಿ ಮನುಷ್ಯನೇ ಹಣ್ಣಿನ ಬುಟ್ಟಿಗೆ ಕೈಹಾಕಬೇಕು.

‘ಸಿ’ ಜೀವಸತ್ವ ಎಂದರೆ ಕಿತ್ತಳೆ ಅಂದುಕೊಂಡಿರಾ? ಹಿತ್ತಿಲ ಪೇರಳೆಯಲ್ಲಿ ಅದರ ನಾಲ್ಕು ಪಟ್ಟು ಉಂಟು! ನೆಲ್ಲಿಕಾಯಿಯಲ್ಲಿ ಇನ್ನೂ ಹೆಚ್ಚು. ಗುಡ್ಡೆಯಲ್ಲಿ ಬಿದ್ದು ಕೊಳೆಯುವ ಗೇರುಹಣ್ಣೂ ಕಿತ್ತಳೆಯನ್ನು ಸಲೀಸಾಗಿ ಸೋಲಿಸುತ್ತದೆ. ಬೀಜವನ್ನು ತಿರುಚಿ ಕಿಸೆಗೆ ಹಾಕಿ ಹಣ್ಣನ್ನು ಬಿಸಾಡಿದ ಮಕ್ಕಳು ನಾವೆಲ್ಲ. ಅಂಗಿಗೆ ಬಿದ್ದ ಕಲೆ ಮಾತ್ರ ಹೋಗುತ್ತಿರಲಿಲ್ಲ!

ಅಂದ ಹಾಗೆ, ಗೇರುಹಣ್ಣು ಹಣ್ಣೇ ಅಲ್ಲ. ಅದು ಉಬ್ಬಿದ ತೊಟ್ಟು. ಕೆಳಗೆ ನೇತಾಡುವ ಬೀಜವೇ ನಿಜವಾದ ಹಣ್ಣು! ಆ ಬೀಜದ ಚಿಪ್ಪಿನೊಳಗೆ ಕೈ ಸುಡುವ ಎಣ್ಣೆ ಉಂಟಲ್ಲ, ಅದರಿಂದ ತಯಾರಾದ ಪುಡಿ ವಾಹನಗಳ ಬ್ರೇಕಿಗೆ ಹೋಗುತ್ತದೆ. ಕುಡುಪು ದಾಟಿ ವಾಮಂಜೂರಿಗೆ ನುಗ್ಗುವ ಬಸ್ಸು ಗಕ್ಕನೆ ನಿಂತರೆ ಗೇರುಬೀಜಕ್ಕೂ ಒಂದು ನಮಸ್ಕಾರ ಹೇಳಿ.

ಈಗ ಹಡಗಿನ ದಂಗೆಯ ಕಥೆ. ನಾಯಕ ನಮ್ಮ ಜೀಗುಜ್ಜೆ! ಹೌದು, ಸಂಜೆಯ ಚಹಾಕ್ಕೆ ಪೋಡಿ ಕರಿಯುವ ಅದೇ ಜೀಗುಜ್ಜೆ. 1787ರಲ್ಲಿ ಬ್ರಿಟಿಷ್ ಸರಕಾರ ‘ಬೌಂಟಿ’ ಎಂಬ ಹಡಗನ್ನು ತಾಹಿತಿ ದ್ವೀಪಕ್ಕೆ ಕಳಿಸಿತು. ಕೆಲಸ ಒಂದೇ. ಜೀಗುಜ್ಜೆ ಸಸಿ ತಂದು ವೆಸ್ಟ್ ಇಂಡೀಸ್‌ನಲ್ಲಿ ನೆಡಬೇಕು. ಅಲ್ಲಿಯ ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಊಟ ಬೇಕಿತ್ತು.

ಹಡಗಿನಲ್ಲಿ ಕ್ಯಾಪ್ಟನ್ ಬ್ಲೈನ ದೊಡ್ಡ ಕೋಣೆಯನ್ನೇ ಸಸಿಗಳಿಗೆ ಬಿಟ್ಟುಕೊಡಲಾಗಿತ್ತು. ಕ್ಯಾಪ್ಟನ್‌ಗೆ ಪಕ್ಕದ ಸಣ್ಣ ಗೂಡು! ಸಾವಿರಕ್ಕೂ ಹೆಚ್ಚು ಸಸಿಗಳು ಹಡಗೇರಿದವು. 1789ರ ಏಪ್ರಿಲ್ 28ರ ಬೆಳಗ್ಗೆ ನಾವಿಕರು ದಂಗೆ ಎದ್ದರು. ಕ್ಯಾಪ್ಟನ್ನನ್ನು ಸಣ್ಣ ದೋಣಿಗೆ ಇಳಿಸಿದರು. ಆಮೇಲೆ ಜೀಗುಜ್ಜೆ ಸಸಿಗಳನ್ನೆಲ್ಲ ಸಮುದ್ರಕ್ಕೆ ಎಸೆದರು!

ಬ್ಲೈ ಸಾಯಲಿಲ್ಲ. ಆ ತೆರೆದ ದೋಣಿಯಲ್ಲೇ ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹೋಗಿ ತಿಮೋರ್ ಮುಟ್ಟಿದ. ಊರಿಗೆ ಹೋದ. ಇನ್ನೊಂದು ಹಡಗು ಹತ್ತಿ ಮತ್ತೆ ತಾಹಿತಿಗೇ ಬಂದ! 1793ರಲ್ಲಿ ಕೊನೆಗೂ ಸಸಿಗಳನ್ನು ವೆಸ್ಟ್ ಇಂಡೀಸ್‌ಗೆ ಮುಟ್ಟಿಸಿದ. ಇಷ್ಟೆಲ್ಲ ಆಗಿ, ಅಲ್ಲಿಯವರು ಮೊದಮೊದಲು ಅದನ್ನು ಮೂಸಿಯೂ ನೋಡಲಿಲ್ಲ. ಅವರಿಗೆ ಕಡಲೆಹಿಟ್ಟು, ಮೆಣಸಿನ ಪುಡಿ, ತೆಂಗಿನೆಣ್ಣೆಯ ಸಂಗತಿ ಯಾರೂ ಹೇಳಿರಲಿಲ್ಲ!

ಜೀಗುಜ್ಜೆಯ ದೊಡ್ಡಣ್ಣ ಹಲಸು. ಮರದಲ್ಲಿ ಬಿಡುವ ಹಣ್ಣುಗಳಲ್ಲೇ ಜಗತ್ತಿಗೆ ದೊಡ್ಡದು. 2016ರಲ್ಲಿ ಪುಣೆಯಲ್ಲಿ ತೂಗಿದ ಒಂದು ಹಲಸು 42 ಕಿಲೋ ದಾಟಿ ಗಿನ್ನೆಸ್ ದಾಖಲೆ ಸೇರಿತು. ಹೆಗಲ ಮೇಲೆ ಹೊತ್ತು ತರಲು ಹೋಗಬೇಡಿ!

ಒಂದು ಹಲಸು ನಿಜಕ್ಕೂ ಒಂದು ಹಣ್ಣಲ್ಲ. ನೂರಾರು ಹೂವುಗಳು ಅಂಟಿಕೊಂಡು ಆದ ಜಾತ್ರೆ ಅದು. ನೀವು ಬಿಡಿಸಿ ತಿನ್ನುವ ಪ್ರತಿ ಸೊಳೆಯೂ ಒಂದೊಂದು ಹೂವಿನ ಫಲ. ಕಾಯಿಕಟ್ಟದೆ ಉಳಿದ ಹೂವುಗಳೇ ನೀವು ಕಿತ್ತು ಬಿಸಾಡುವ ಆ ನಾರಿನ ಎಳೆಗಳು. ಮುಂದಿನ ಸಲ ಕೈಗೆ ಎಣ್ಣೆ ಹಚ್ಚಿ ಕೂತಾಗ ಮಕ್ಕಳಿಗೆ ತೋರಿಸಿ, ಬಾಯಿ ಬಿಟ್ಟು ನೋಡುತ್ತಾರೆ!

14ನೇ ಶತಮಾನದಲ್ಲಿ ಮಂಗಳೂರಿಗೂ ಬಂದಿದ್ದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹಲಸಿಗೆ ಮನಸೋತಿದ್ದ. ನೆಲದ ಹತ್ತಿರ ಬಿಟ್ಟ ಹಣ್ಣು ಹೆಚ್ಚು ಸಿಹಿ, ಮೇಲಿನದು ಅಷ್ಟಿಲ್ಲ ಎಂದು ಬರೆದಿಟ್ಟಿದ್ದಾನೆ. ಊರೂರು ಸುತ್ತಿದವ ಮರದ ಬುಡದಿಂದ ತುದಿಯವರೆಗೂ ರುಚಿ ನೋಡಿದ್ದಾನೆ ಅಂತಾಯಿತು!

ಎಳತಾದರೆ ಗುಜ್ಜೆ ಪಲ್ಯ. ಬೆಳೆದರೆ ಹಪ್ಪಳ. ಹಣ್ಣಾದರೆ ಗಟ್ಟಿ, ಮುಳ್ಕ, ಪಾಯಸ. ಬೀಜ ಬೇಯಿಸಿ ಉಪ್ಪುಹಾಕಿ ಒಣಗಿಸಿದರೆ ಸಾಂತಾಣಿ. ಉಪ್ಪಿನಲ್ಲಿ ಅದ್ದಿ ಭರಣಿಗೆ ತುಂಬಿದ ಸೊಳೆ ಆಟಿ ತಿಂಗಳ ಜಡಿಮಳೆಗೆ. ಅದನ್ನೇ ರುಬ್ಬಿ ಕರಿದರೆ ಉಂಡ್ಲಕಾಳು, ಕೈ ಬಾಯಿ ನಿಲ್ಲುವುದಿಲ್ಲ! ಇದೇ ಗುಜ್ಜೆಯನ್ನು ಈಗ ಅಮೆರಿಕ, ಯೂರೋಪಿನವರು ಮಾಂಸದ ಬದಲಿಗೆ ಬರ್ಗರಿನಲ್ಲಿಟ್ಟು ತಿನ್ನುತ್ತಿದ್ದಾರೆ. ನಮ್ಮ ಅಜ್ಜಿಯಂದಿರು ಪೇಟೆಂಟ್ ಮಾಡಿಸಿರಲಿಲ್ಲ ಅಷ್ಟೆ.

ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ ಹೆಸರಿಗೆ ಅಡಿಕೆಯದು. ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಅದು ಹಲಸಿನ ಬಗ್ಗೆ ಮಾಡಿದಷ್ಟು ಮುಖಪುಟ ಲೇಖನ ಇನ್ನಾವ ಪತ್ರಿಕೆಯೂ ಮಾಡಿರಲಾರದು! ಅತ್ತ ತುಮಕೂರು ಜಿಲ್ಲೆಯಲ್ಲಿ ಕೆಂಪು ಸೊಳೆಯ ಒಂದು ಹಲಸು ಪತ್ತೆಯಾಗಿ ‘ಸಿದ್ದು’ ಎಂದು ಹೆಸರು ಪಡೆಯಿತು. ರಾಜಕಾರಣಿಯ ಹೆಸರೆಂದುಕೊಂಡವರು ಬಹಳ. ಅಲ್ಲ, ಆ ಮರ ನೆಟ್ಟ ರೈತ ಸಿದ್ದಪ್ಪನವರ ಹೆಸರು ಅದು! ಕೇರಳ ಸರಕಾರವಂತೂ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದೇ ಸಾರಿಬಿಟ್ಟಿತು.

ಆಟಿ ಬಂತೆಂದರೆ ಪತ್ರೊಡೆ. ಕೆಸುವಿನ ಎಲೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳಿವೆ! ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಹರಳುಗಳು. ಗಂಟಲಲ್ಲಿ ತುರಿಸುವುದು ಅವೇ ಚುಚ್ಚಿದಾಗ. ಹಿಟ್ಟಿಗೆ ಹುಣಸೆಹುಳಿ ಬೀಳುವುದು ರುಚಿಗೆ ಮಾತ್ರವಲ್ಲ, ಈ ತುರಿಕೆ ಅಡಗಿಸಲಿಕ್ಕೂ. 2021ರಲ್ಲಿ ಕೇಂದ್ರ ಆಯುಷ್ ಸಚಿವಾಲಯ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಯಲ್ಲಿ ಪತ್ರೊಡೆಯನ್ನೂ ಸೇರಿಸಿತು. ದಿಲ್ಲಿಗೆ ಗೊತ್ತಾಗಲು ಅಷ್ಟು ವರ್ಷ!

ಕಣಿಲೆಯಲ್ಲಿ, ಅಂದರೆ ಎಳೆ ಬಿದಿರಿನಲ್ಲಿ, ಸಯನೈಡ್ ಹುಟ್ಟಿಸುವ ವಸ್ತು ಉಂಟು! ಹೆದರಬೇಡಿ. ಅದಕ್ಕೇ ಹೆಚ್ಚಿ ನೀರಿನಲ್ಲಿ ಹಾಕಿಟ್ಟು, ದಿನಾ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟು ಅಡುಗೆ ಮಾಡುವುದು. ಮತ್ತೆ ಚೆನ್ನಾಗಿ ಬೇಯಿಸುವುದು. ಅಜ್ಜಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಆದರೆ ಅವರು ಒಂದು ದಿನವೂ ಅವಸರ ಮಾಡಲಿಲ್ಲ.

ಸುವರ್ಣಗೆಡ್ಡೆಗೆ ಹೆಸರು ಬಂಗಾರದ್ದು. ಅದರ ಹೂವಿಗೆ ಮಾತ್ರ ಕೊಳೆತ ಹೆಣದ ವಾಸನೆ! ಹೆಣ ತಿನ್ನುವ ಕೀಟಗಳನ್ನು ಕರೆಯಲು ಈ ನಾಟಕ. ಜಗತ್ತಿನಲ್ಲೇ ದೈತ್ಯ ಹೂಗೊಂಚಲು ಬಿಡುವ ಸುಮಾತ್ರಾದ ‘ಹೆಣದ ಹೂ’ ಇದರದೇ ಕುಲ. ನಾವು ಉಣ್ಣುವುದು ಗೆಡ್ಡೆಯನ್ನು, ಪುಣ್ಯ!

ಪಡುವಲದ ಹೂ ಅರಳುವುದು ರಾತ್ರಿ. ದಳದ ಅಂಚಿಗೆ ಬಿಳಿ ಜಾಲರಿ ಕಟ್ಟಿಕೊಂಡು ಪತಂಗಗಳಿಗೆ ಕಾಯುತ್ತದೆ. ಹೀರೆ ಬಲಿತರೆ ಮೈ ಉಜ್ಜುವ ಬ್ರಷ್! ಬೂದುಕುಂಬಳದ ಮೈಮೇಲಿನ ಬೂದಿ ಒಂದು ಬಗೆಯ ಮೇಣ, ಅದರಿಂದಲೇ ಅದು ತಿಂಗಳುಗಟ್ಟಲೆ ಕೆಡದು. ಅದೇ ಕುಂಬಳ ಮದುವೆ ಮನೆಯಲ್ಲಿ ಕಾಶಿ ಹಲ್ವ ಆಗಿ ಬಂದಾಗ ತರಕಾರಿ ಬೇಡ ಅನ್ನುವ ಮಕ್ಕಳೂ ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ!

ಬದನೆಗೂ ಪೂಜೆ ಪುನಸ್ಕಾರ ಉಂಟು. ಉಡುಪಿಯ ಕಟಪಾಡಿ ಹತ್ತಿರದ ಮಟ್ಟು ಊರಿನ ಗುಂಡನೆಯ ಹಸಿರು ಗುಳ್ಳಕ್ಕೆ ಬೀಜ ಕೊಟ್ಟವರು ಸೋದೆಯ ವಾದಿರಾಜ ಯತಿಗಳು ಎಂಬ ನಂಬಿಕೆ. ಪರ್ಯಾಯದ ಹೊತ್ತಿಗೆ ಕೃಷ್ಣ ಮಠಕ್ಕೆ ಹೊರೆಕಾಣಿಕೆಯಾಗಿ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಗಿಡದ ತೊಟ್ಟಿಗೆಲ್ಲ ಮುಳ್ಳು, ಒಳಗೆ ಬೆಣ್ಣೆ. ಗುಳ್ಳದ ಬೋಳುಹುಳಿ ಉಣ್ಣದವರು ಬದನೆ ಇಷ್ಟವಿಲ್ಲ ಎಂದು ಹೇಳುವ ಹಾಗಿಲ್ಲ!

ಈಗ ಒಂದು ಆಟ. ನಿಮ್ಮ ಅಡುಗೆಮನೆಯಿಂದ ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಪಪ್ಪಾಯಿ, ಪೇರಳೆ, ಚಿಕ್ಕು, ಅನಾನಸು, ಗೇರುಬೀಜ ಎಲ್ಲ ಹೊರಗಿಡಿ. ಇವೆಲ್ಲ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು! ಐನೂರು ವರ್ಷದ ಹಿಂದೆ ಮಂಗಳೂರಿನಲ್ಲಿ ಕೆಂಪು ಗಸಿ ಇರಲಿಲ್ಲ. ಖಾರಕ್ಕೆ ಕಾಳುಮೆಣಸೇ ಗತಿ. ಬ್ಯಾಡಗಿ ಮೆಣಸಿಲ್ಲದ ಕೋಳಿ ರೊಟ್ಟಿಯನ್ನು ಸ್ವಲ್ಪ ಊಹಿಸಿಕೊಳ್ಳಿ!

ಟೊಮೆಟೊ ಹಣ್ಣೋ ತರಕಾರಿಯೋ? ಇದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲಿ ತೀರ್ಪು ಕೊಟ್ಟಿದೆ! ಆಮದು ತರಕಾರಿಗೆ ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. ವ್ಯಾಪಾರಿಗಳು ‘ಇದು ಹಣ್ಣು ಸ್ವಾಮಿ’ ಎಂದು ವಾದಿಸಿದರು. ಊಟದ ಜತೆ ತಿನ್ನುವುದರಿಂದ ತರಕಾರಿಯೇ ಎಂದಿತು ಕೋರ್ಟು. ಸಸ್ಯಶಾಸ್ತ್ರ ಸೋತಿತು, ಸಾರು ಗೆದ್ದಿತು!

ವಾಮಂಜೂರಿನವರಿಗೆ ಪಿಲಿಕುಳ ನೆರೆಮನೆ. 2018ರಲ್ಲಿ ಅಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ಕೂತು ನಕ್ಷತ್ರ ನೋಡುವಾಗ ಇದು ನೆನಪಿರಲಿ. ಭೂಮಿಯ ಸುತ್ತ ತಿರುಗುವ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತರಕಾರಿ ಬೆಳೆಯುತ್ತಾರೆ! 2015ರಲ್ಲಿ ಗಗನಯಾತ್ರಿಗಳು ಅಲ್ಲೇ ಬೆಳೆದ ಕೆಂಪು ಲೆಟ್ಯೂಸ್ ಸೊಪ್ಪು ತಿಂದರು. 2021ರಲ್ಲಿ ಮೆಣಸಿನಕಾಯಿ ಕೊಯ್ದರು. ಅಲ್ಲಿ ಮಣ್ಣಿನ ಗದ್ದೆ ಇಲ್ಲ, ಮಳೆ ಇಲ್ಲ. ನಮ್ಮಲ್ಲಿ ಮಳೆ ಎಷ್ಟೆಂದು ಹೇಳಬೇಕಿಲ್ಲ, ಆದರೂ ಬಾಲ್ಕನಿಯಲ್ಲಿ ಒಂದು ಮೆಣಸಿನ ಗಿಡ ಇಲ್ಲ!

ಅನಾನಸಿನ ಮೈಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವು. ನೂರು, ಇನ್ನೂರು ಹೂ ಸೇರಿ ಒಂದು ಹಣ್ಣು! 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅದು ಎಷ್ಟು ದುಬಾರಿ ಎಂದರೆ, ಔತಣದ ಮೇಜಿನ ಮೇಲೆ ತೋರಿಸಲು ಬಾಡಿಗೆಗೆ ತರುತ್ತಿದ್ದರು. ತಿನ್ನುವ ಹಾಗಿಲ್ಲ, ಮರುದಿನ ವಾಪಸು! ಇತ್ತ ವಾಮಂಜೂರಿನ ದಾರಿ ಹಿಡಿದು ಮೂಡುಬಿದಿರೆಗೆ ಹೋದರೆ ಸೋನ್ಸ್ ಫಾರ್ಮಿನಲ್ಲಿ ತೋಟವಿಡೀ ಅನಾನಸು.

ಅನಾನಸು ತಿಂದರೆ ನಾಲಗೆ ಉರಿಯುತ್ತದಲ್ಲ, ಯಾಕೆ? ನೀವು ಅದನ್ನು ತಿನ್ನುವಾಗ ಅದೂ ನಿಮ್ಮನ್ನು ತಿನ್ನುತ್ತಿರುತ್ತದೆ! ಬ್ರೊಮೆಲೇನ್ ಎಂಬ ಕಿಣ್ವ ನಾಲಗೆಯ ಪ್ರೋಟೀನನ್ನು ಕರಗಿಸುತ್ತದೆ. ಬೇಯಿಸಿದರೆ ಅದರ ಆಟ ಮುಗಿಯಿತು. ಅದಕ್ಕೇ ಅನಾನಸಿನ ಮೆಣಸ್ಕಾಯಿ ಎಷ್ಟು ಬಡಿಸಿಕೊಂಡರೂ ನಾಲಗೆಗೆ ಏನೂ ಆಗುವುದಿಲ್ಲ.

ಬಾಳೆ ಮರವಲ್ಲ. ಅದು ಕಟ್ಟಿಗೆಯ ಕಾಂಡವಿಲ್ಲದ ದೈತ್ಯ ಗಿಡ! ಹಣ್ಣು ತೀರಾ ಕಳಿತು ಕಪ್ಪಾಯಿತೇ? ಬಿಸಾಡಬೇಡಿ. ಮೈದಾ, ಮೊಸರು, ಸಕ್ಕರೆ, ಚಿಟಿಕೆ ಜೀರಿಗೆ ಸೇರಿಸಿ ಕಲಸಿಟ್ಟರೆ ಮರುದಿನ ಬೆಳಗ್ಗೆ ಮಂಗಳೂರು ಬನ್ಸ್. ಕಪ್ಪಾದಷ್ಟೂ ಬನ್ಸ್ ರುಚಿ! ಹೂವಿನ ಚಟ್ನಿ, ದಿಂಡಿನ ಪಲ್ಯ, ಎಲೆಯಲ್ಲಿ ಊಟ, ನಾರಿನಲ್ಲಿ ಮಲ್ಲಿಗೆ. ಬಿಸಾಡಲು ಏನು ಉಳಿಯಿತು ಹೇಳಿ?

ಪುನರ್ಪುಳಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ! ಬೀಜ ನೆಟ್ಟು ವರ್ಷಗಟ್ಟಲೆ ಕಾದು, ಕೊನೆಗೆ ಗಂಡೆಂದು ತಿಳಿದರೆ ಹಣ್ಣಿಲ್ಲ. ಕಸಿ ಗಿಡ ತಂದರೆ ಈ ಜೂಜಿಲ್ಲ. ಸಿಪ್ಪೆ ಶರಬತ್ತಿಗೆ, ಸಾರಿಗೆ. ಬೀಜದ ಎಣ್ಣೆ ನಮ್ಮ ಸೆಕೆಯಲ್ಲೂ ಕರಗದೆ ಗಟ್ಟಿಯಾಗಿ ಕೂರುತ್ತದೆ. ಹಿಮ್ಮಡಿ ಒಡೆದರೆ ಹಳಬರು ಹಚ್ಚುತ್ತಿದ್ದುದು ಅದನ್ನೇ. ಈಗ ದುಬಾರಿ ಲಿಪ್ ಬಾಮಿನಲ್ಲೂ ಅದೇ ಉಂಟು!

ಬಚ್ಚಂಗಾಯಿ, ಅಂದರೆ ಕಲ್ಲಂಗಡಿ, ಕೆಂಪು ತಿಂದು ಬಿಳಿ ಎಸೆಯುತ್ತೀರಾ? ಆ ಬಿಳಿ ಭಾಗವನ್ನು ಅಕ್ಕಿಯ ಜತೆ ರುಬ್ಬಿ ದೋಸೆ ಹುಯ್ದು ನೋಡಿ. ಹತ್ತಿಯಷ್ಟು ಮೆದು!

ಮುಂಬಯಿಯ ಜುಹುವಿನಲ್ಲಿ 1984ರಲ್ಲಿ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಶುರುಮಾಡಿದ ರಘುನಂದನ ಕಾಮತ್ ನಮ್ಮ ಮೂಲ್ಕಿ ಕಡೆಯವರು. ತಂದೆ ಹಣ್ಣಿನ ವ್ಯಾಪಾರಿ! ಯಾವ ಹಣ್ಣು ಯಾವಾಗ ಸರಿಯಾಗಿ ಕಳಿಯುತ್ತದೆ ಎಂಬುದನ್ನು ಕಲಿತದ್ದು ತಂದೆಯ ಬುಟ್ಟಿಯ ಬಳಿ. ಸೀತಾಫಲ, ಎಳನೀರು, ಹಲಸು, ಎಲ್ಲವನ್ನೂ ಐಸ್‌ಕ್ರೀಮ್ ಮಾಡಿದರು.

ಇನ್ನೊಂದು ಬುಟ್ಟಿ ಇದಕ್ಕಿಂತ ದೊಡ್ಡದು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಲ್ಲಿ ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ರೇಟು ಕೇಳಿದರು. ಇವರಿಗೆ ಉತ್ತರಿಸಲು ಬರಲಿಲ್ಲ. ನನ್ನೂರಿನ ಮಕ್ಕಳಿಗೆ ಹೀಗಾಗಬಾರದು ಎಂದು ಕಿತ್ತಳೆಯ ದುಡ್ಡು ಕೂಡಿಟ್ಟು ನ್ಯೂಪಡ್ಪುವಿನಲ್ಲಿ ಶಾಲೆಯನ್ನೇ ಎಬ್ಬಿಸಿದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು. ಕಿತ್ತಳೆ ಬುಟ್ಟಿಯಿಂದ ರಾಷ್ಟ್ರಪತಿ ಭವನದವರೆಗೆ!

ಶಾಲೆ ಎಂದಾಗ ನೆನಪಾಯಿತು. ನಮ್ಮ ಸರಕಾರಿ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಕೊಡುತ್ತಾರಲ್ಲ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಬಾಳೆಹಣ್ಣಿಗೆ ಕೈ ಎತ್ತುವ ಮಕ್ಕಳಿಗೆ ಒಂದು ಶಹಬ್ಬಾಸ್!

ಮೀನಿಲ್ಲದೆ ಅನ್ನ ಇಳಿಯದ ಮನೆಯವರೇ, ನಿಮಗೂ ದಾರಿ ಉಂಟು. ಬಸಳೆಗೆ ಎಟ್ಟಿ ಹಾಕಿ, ಸೌತೆಗೆ ಒಣಮೀನು ಹಾಕಿ, ಬಂಗುಡೆ ಗಸಿಗೆ ಅಂಬಟೆಯನ್ನೋ ಬಿಂಬುಳಿಯನ್ನೋ ಹಾಕಿ. ಮೀನಿನ ನೆಪದಲ್ಲಿ ತರಕಾರಿ ಒಳಗೆ ಹೋಗುತ್ತದೆ. ಅರ್ಧ ಕಿಲೋದ ಲೆಕ್ಕ ಅಷ್ಟರಮಟ್ಟಿಗೆ ಹಗುರ!

ಬಿಂಬುಳಿ ಕಾಯಿ ಬಿಡುವುದು ಮರದ ಕಾಂಡದ ಮೇಲೆಯೇ, ಗೊಂಚಲು ಗೊಂಚಲಾಗಿ. ಅದರ ತಂಗಿ ದಾರೆಹುಳಿಯನ್ನು ಅಡ್ಡ ಕೊಯ್ದರೆ ತಟ್ಟೆ ತುಂಬ ಐದು ಮೂಲೆಯ ನಕ್ಷತ್ರಗಳು! ಆದರೆ ಇಲ್ಲೊಂದು ಎಚ್ಚರಿಕೆ, ಇದು ತಮಾಷೆಯಲ್ಲ. ಕಿಡ್ನಿಯ ತೊಂದರೆ ಇರುವವರಿಗೆ ದಾರೆಹುಳಿ ವಿಷ. ಬಿಂಬುಳಿಯ ರಸವನ್ನೂ ಮದ್ದೆಂದು ಲೋಟಗಟ್ಟಲೆ ಯಾರೂ ಕುಡಿಯಬಾರದು. ಕಿಡ್ನಿ ಗಟ್ಟಿ ಇರುವವರು ದಾರೆಹುಳಿಯ ನಾಲ್ಕು ನಕ್ಷತ್ರಕ್ಕೆ ಉಪ್ಪು, ಮೆಣಸಿನ ಪುಡಿ ಉದುರಿಸಿ ಇವತ್ತೇ ತಿಂದು ನೋಡಿ!